ಫಾಂಟೇ ಇಲ್ಲದೆ ಪತ್ರಿಕೆ ತಂದ ಮೊಗ್ಲಿಂಗ್

ಕನ್ನಡದ ಮೊದಲ ಪತ್ರಿಕೆಗೆ ಫಾಂಟ್ ಇರಲಿಲ್ಲ. ಜುಲೈ 1 ಬಂತೆಂದರೆ ಪತ್ರಿಕಾ ದಿನ, ‘ಮಂಗಳೂರ ಸಮಾಚಾರ’, 1843, ಹರ್ಮನ್ ಮೊಗ್ಲಿಂಗ್ ಎಂದು ನಾವೆಲ್ಲ ಒಂದೇ ಉಸಿರಿಗೆ ಹೇಳುತ್ತೇವೆ. ಕೆಪಿಎಸ್‌ಸಿ, ಪಿಎಸ್‌ಐ ಪರೀಕ್ಷೆಗೆ ಓದುವ ಗೆಳೆಯರಿಗಂತೂ ಇದು ಬಾಯಿಪಾಠ. ಆದರೆ ಆ ಪತ್ರಿಕೆಯ ನಾಲ್ಕು ಪುಟಗಳಿಗೆ ಒಂದೇ ಒಂದು ಅಚ್ಚುಮೊಳೆಯನ್ನೂ ಬಳಸಿರಲಿಲ್ಲ, ಹೆಸರಿನಿಂದ ಹಿಡಿದು ಕೊನೆಯ ಸಾಲಿನವರೆಗೆ ಅಷ್ಟೂ ಕೈಬರಹ ಎಂಬುದು ನಾನು ಓದಿದ ಯಾವ ಗೈಡ್‌ನಲ್ಲೂ ಇರಲಿಲ್ಲ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಧರ್ಮಶಾಸ್ತ್ರ. ಬಾಸೆಲ್ ಮಿಶನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದಾಗ ವಯಸ್ಸು 25, ಅಂದರೆ ನನಗಿಂತ ಐದೇ ವರ್ಷ ದೊಡ್ಡವನು. ಬಂದವನು ಕನ್ನಡ ಕಲಿತ, ಹುಡುಗರಿಗಾಗಿ ಶಾಲೆ ನಡೆಸಿದ, ಅವರ ಜೊತೆಗೇ ಇದ್ದು ಇಲ್ಲಿನ ಊಟ, ಇಲ್ಲಿನ ರೀತಿಗೆ ಒಗ್ಗಿಕೊಂಡ. ಬಂದ ಉದ್ದೇಶ ಮತಪ್ರಚಾರ, ಅದನ್ನು ಮುಚ್ಚಿಡಬೇಕಾಗಿಲ್ಲ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ತರುಣ ಮತಾಂತರವಾದಾಗ ಮಂಗಳೂರಿನಲ್ಲಿ ದೊಡ್ಡ ಗದ್ದಲವೇ ಎದ್ದಿತ್ತು. ಆದರೆ ಆ ಕೆಲಸಕ್ಕೆಂದು ಕಲಿತ ಭಾಷೆಯೇ ಅವನನ್ನು ಬೇರೆ ದಾರಿಗೂ ಎಳೆಯಿತು.

ಇಲ್ಲಿ ಸ್ವಲ್ಪ ಎಂಜಿನಿಯರಿಂಗ್ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇಂಗ್ಲಿಷ್ ಅಚ್ಚು ಹಾಕಲು ದೊಡ್ಡಕ್ಷರ 26, ಸಣ್ಣಕ್ಷರ 26, ಮೇಲೊಂದಿಷ್ಟು ಅಂಕಿ, ಚಿಹ್ನೆ ಇದ್ದರೆ ಕೆಲಸ ಆಯಿತು. ಕನ್ನಡದಲ್ಲಿ 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೇ ನಾನೂರು ದಾಟುತ್ತದೆ. ಅದರ ಕೆಳಗೆ ಒತ್ತಕ್ಷರಗಳು ಬೇರೆ. ಇವನ್ನೆಲ್ಲ ಸೀಸದಲ್ಲಿ ಎರಕ ಹೊಯ್ಯಬೇಕು, ಅದೂ ಒಂದೊಂದು ಅಳತೆಗೆ ಒಂದೊಂದು ಸಲ. ಕನ್ನಡದ ಅಚ್ಚುಮೊಳೆ ಆಗ ಇರಲೇ ಇಲ್ಲ ಎಂದಲ್ಲ. 1817ರಲ್ಲೇ ಬಂಗಾಳದ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿತ್ತು, ಬಳ್ಳಾರಿಯಲ್ಲೂ ಮುದ್ರಣ ನಡೆಯುತ್ತಿತ್ತು. ಮಂಗಳೂರಿನಲ್ಲಿ ಮಾತ್ರ ಇರಲಿಲ್ಲ. 1841ರಲ್ಲಿ ಅಲ್ಲಿಗೆ ಬಂದದ್ದು ಕಲ್ಲಚ್ಚಿನ ಯಂತ್ರ.

ಕಲ್ಲಚ್ಚು ಹುಟ್ಟಿದ ಕಥೆಯೇ ಮಜವಾಗಿದೆ. ಸೆನೆಫೆಲ್ಡರ್ ಎಂಬ ಜರ್ಮನ್ ನಾಟಕಕಾರ ತನ್ನ ನಾಟಕಗಳನ್ನು ಕಡಿಮೆ ಖರ್ಚಿನಲ್ಲಿ ಅಚ್ಚು ಹಾಕಿಸಲು ಏನೇನೋ ಪ್ರಯೋಗ ಮಾಡಿ, 1796ರ ಸುಮಾರಿಗೆ ಇದನ್ನು ಕಂಡುಹಿಡಿದ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯಬೇಕು. ಗೋಂದು ಮತ್ತು ತೆಳು ಆಮ್ಲ ಸವರಿ, ಕಲ್ಲನ್ನು ಒದ್ದೆ ಮಾಡಬೇಕು. ಆಮೇಲೆ ಶಾಯಿಯ ಉರುಳೆ ಹೊರಳಿಸಿದರೆ ನೀರು ಕುಡಿದ ಜಾಗ ಶಾಯಿಯನ್ನು ದೂರ ಇಡುತ್ತದೆ, ಜಿಡ್ಡಿನ ಅಕ್ಷರ ಮಾತ್ರ ಹಿಡಿದುಕೊಳ್ಳುತ್ತದೆ. ಕಾಗದ ಒತ್ತಿದರೆ ಪುಟ ಸಿದ್ಧ. ಎಣ್ಣೆ, ನೀರು ಬೆರೆಯುವುದಿಲ್ಲ ಎಂಬ ಅಡುಗೆಮನೆಯ ಸತ್ಯ, ಅಷ್ಟೇ. ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ಮತ್ತೆ ಬರೆಯಬಹುದು. ಅಕ್ಷರ ಎಷ್ಟು ದೊಡ್ಡದಿರಲಿ, ಎಷ್ಟು ಬಳುಕಲಿ, ಒತ್ತು ಎಲ್ಲಿ ಬೇಕಾದರೂ ಕೂರಲಿ, ಕಲ್ಲಿಗೆ ತಕರಾರಿಲ್ಲ.

1843ರ ಜುಲೈ 1ರಂದು ಈ ಕಲ್ಲಿನಿಂದಲೇ ‘ಮಂಗಳೂರ ಸಮಾಚಾರ’ ಹೊರಬಂತು. ಪಾಕ್ಷಿಕ. ಊರ ಸುದ್ದಿ, ಸರ್ಕಾರದ ನಿರೂಪ, ಹೊರನಾಡಿನ ವರ್ತಮಾನ, ಕಥೆ, ದಾಸರ ಪದ ಎಲ್ಲವೂ ಅದರಲ್ಲಿದ್ದವು. ಮರುವರ್ಷ ಅದು ಮೊಳೆಯಚ್ಚು ಇದ್ದ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಹೆಚ್ಚು ದಿನ ಬಾಳಲಿಲ್ಲ.

ಇದೆಲ್ಲ ನನಗೇಕೆ ಎನ್ನುವಿರಾ? ನಮ್ಮೂರು ಮಂಗಸೂಳಿ. ಖಂಡೋಬಾ ಎನ್ನಿ, ಮಲ್ಲಯ್ಯ ಎನ್ನಿ, ಗುಡಿಗೆ ಎರಡೂ ಭಾಷೆಯ ಜನ ಬಂದು ಭಂಡಾರ ಹಾರಿಸುತ್ತಾರೆ. ರಜೆಯಲ್ಲಿ ನಾನು ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಕೆಲಸ ಮಾಡುತ್ತೇನೆ, ಕಾಲೇಜಿನ ಖರ್ಚು ಅಷ್ಟೋ ಇಷ್ಟೋ ಅದರಲ್ಲೇ ಹೊರಡುತ್ತದೆ. ಜಾತ್ರೆಯ ಬ್ಯಾನರ್‌ಗೆ ಮರಾಠಿ ಸಾಲು ಹಾಕುವಾಗ ಕತ್ತಿಯಂಥದ್ದು, ಕುಂಚದಂಥದ್ದು, ಮೋಡಿಯ ಬಳುಕಿನದು ಎಂದು ಹತ್ತಾರು ಅಲಂಕಾರಿಕ ಫಾಂಟು ಸಿಗುತ್ತವೆ. ಕನ್ನಡ ಸಾಲಿಗೆ ಬಂದಾಗ ಕಚೇರಿಯ ಸುತ್ತೋಲೆಯ ಅಕ್ಷರವನ್ನೇ ಕೋರೆಲ್‌ಡ್ರಾದಲ್ಲಿ ಅಡ್ಡಡ್ಡ ಎಳೆದು, ಕೆಂಪು ಅಂಚು ಹಚ್ಚಿ ಕೊಡುತ್ತೇವೆ. ಎಳೆದಾಗ ಒತ್ತಕ್ಷರ ಚಪ್ಪಟೆಯಾಗಿ ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಕನ್ನಡದವರೇ ಆದ ಗಿರಾಕಿಗಳು, ಹೆಸರು ಮರಾಠಿಯಲ್ಲೇ ಹಾಕು, ಅದೇ ಚಂದ ಕಾಣುತ್ತದೆ ಎಂದು ಹೇಳಿ ಹೋದದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಗಡಿಯಲ್ಲಿ ಭಾಷೆ ಹಿಂದೆ ಸರಿಯುವುದು ಜಗಳದಿಂದ ಮಾತ್ರ ಅಲ್ಲ, ಹೀಗೂ ಸರಿಯುತ್ತದೆ.

ಮೊಗ್ಲಿಂಗ್‌ನ ದೊಡ್ಡ ಕೆಲಸ ಪತ್ರಿಕೆಯಲ್ಲ ಎಂದು ನನಗನಿಸುತ್ತದೆ. ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ 1848ರಿಂದ 1853ರವರೆಗೆ ಅವನು ಬಸವಪುರಾಣ, ಚನ್ನಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಸಂಪಾದಿಸಿ ಕಲ್ಲಚ್ಚಿನಲ್ಲಿ ತಂದ. ಮತ ಬದಲಿಸಲು ಬಂದವನೊಬ್ಬ ಬಸವಣ್ಣನ ಪುರಾಣದ ಪಾಠ ತಿದ್ದುತ್ತ ಕೂತದ್ದನ್ನು ನೆನೆದರೆ ನನಗೆ ಈಗಲೂ ವಿಚಿತ್ರ ಎನಿಸುತ್ತದೆ. ಖರ್ಚಿಗೆ ನೆರವಾದವನು ಮದ್ರಾಸ್ ಪ್ರಾಂತದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್. ಅದುವರೆಗೆ ಓಲೆಗರಿಯಲ್ಲಿ, ಕೈಪ್ರತಿಯಲ್ಲಿ ಇದ್ದ ಕಾವ್ಯ ಕೈಬರಹದ ರೂಪದಲ್ಲೇ ಪ್ರತಿಗಳಾಗಿ ಹರಡಿತು. ಗಾದೆಗಳನ್ನೂ ಕಲೆಹಾಕಿದ.

1853ರಲ್ಲಿ ಕೊಡಗಿಗೆ ಹೋದ, ಆ ನಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ. ಕನ್ನಡ ಸಾಹಿತ್ಯಕ್ಕೆ ಮಾಡಿದ ಸೇವೆಗಾಗಿ ಟ್ಯೂಬಿಂಗನ್ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 1860ರಲ್ಲಿ ತಾಯ್ನಾಡಿಗೆ ಮರಳಿದವನು ತಿರುಗಿ ಬರಲಿಲ್ಲ. ಅಲ್ಲಿಯೂ ಸುಮ್ಮನೆ ಕೂರದೆ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಂದ. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡ.

ಅಷ್ಟರಲ್ಲಿ ಮಂಗಳೂರಿನ ಮಿಶನ್ ಪ್ರೆಸ್ ಮೊಳೆಯಚ್ಚಿಗೆ ಬದಲಾಗಿತ್ತು. 1894ರ ಕಿಟೆಲ್ ನಿಘಂಟು ಅಲ್ಲೇ ಮೊಳೆಗಳಲ್ಲಿ ಜೋಡಿಸಿದ್ದು. ಒಳಪುಟಕ್ಕೆ ಮೊಳೆ ಒಳ್ಳೆಯದೇ ಆಯಿತು. ಮುಖಪುಟ, ಶೀರ್ಷಿಕೆ, ಪೋಸ್ಟರ್‌ಗೆ ಮಾತ್ರ ಅದು ಸಾಲಲಿಲ್ಲ. ಬಹುಕಾಲ ಪತ್ರಿಕೆಗಳಲ್ಲಿ ಕಥೆಯ ತಲೆಬರಹವನ್ನು ಕಲಾವಿದರೇ ಬರೆದು, ಬ್ಲಾಕ್ ಮಾಡಿಸಿ ಹಾಕುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಆ ಕೈಗಳು ಬಿಟ್ಟುಹೋದವು, ಅವುಗಳ ಜಾಗಕ್ಕೆ ಬೇಕಾದಷ್ಟು ಫಾಂಟು ಬರಲಿಲ್ಲ. ಈಚೆಗೆ ಬಲೂ ತಮ್ಮ, ಹುಬ್ಬಳ್ಳಿ, ಅಕಾಯ ಬಂದಿವೆ, ಮೂರೂ ಯೂನಿಕೋಡ್, ಮೂರೂ ಉಚಿತ. ಬ್ಯಾನರ್ ಮಾಡುವವರು ಒಮ್ಮೆ ಹಾಕಿ ನೋಡಿ. ಫಾಂಟ್ ಮಾಡಲು ಫಾಂಟ್‌ಫೋರ್ಜ್ ಎಂಬ ತಂತ್ರಾಂಶವೂ ಪುಕ್ಕಟೆ. ಕೋಡಿಂಗ್ ಬಲ್ಲ, ಕೈಬರಹ ಚಂದವಿರುವ ನಮ್ಮಂಥವರಿಗೆ ಇದು ಕಲಿತಿಟ್ಟುಕೊಳ್ಳಬಹುದಾದ ಕೆಲಸ. ಸಂಬಳ ಎಷ್ಟು ಎಂದು ಮಾತ್ರ ನನ್ನನ್ನು ಕೇಳಬೇಡಿ.

ನಾನು ಮೂರು ತಿಂಗಳಿಂದ ಒಂದು ಜಾತ್ರೆ ಫಾಂಟ್ ಬರೆಯುತ್ತಿದ್ದೇನೆ. ಮೊದಲು ಕಾಗದದ ಮೇಲೆ ಕುಂಚದಿಂದ, ಆಮೇಲೆ ಸ್ಕ್ಯಾನ್. ಕಾಗುಣಿತ ಮುಗಿದಿದೆ. ‘ಮಲ್ಲಯ್ಯ’ ಎಂದು ಬರೆದರೆ ಲ ಒತ್ತು ಸರಿಯಾಗಿ ಕೂರುತ್ತದೆ, ಯ ಒತ್ತಿನ ಬಾಲ ಪಕ್ಕದ ಅಕ್ಷರದೊಳಗೆ ನುಗ್ಗುತ್ತಿದೆ. ಈ ವಾರ ಅದರದ್ದೇ ಕೆಲಸ.