ನರಗುಂದದ ಬಾಬಾಸಾಹೇಬರು

ರೋಣದ ಕಡೆಯಿಂದ ಎರೆಯ ಬಯಲನ್ನು ದಾಟಿ ಬರುವವರಿಗೆ ನರಗುಂದದ ಗುಡ್ಡವು ಬಹು ದೂರದಿಂದಲೇ ಕಾಣಿಸುತ್ತದೆ. ನರಗುಂದದ ಬಂಡಾಯವೆಂದೊಡನೆ ಈಗಿನವರಿಗೆ ನೆನಪಾಗುವುದು ೧೯೮೦ರ ರೈತರ ಹೋರಾಟ, ಅದು ಸಹಜವೇ. ನನಗೆ ಮಾತ್ರ ಆ ಗುಡ್ಡವನ್ನು ಕಂಡಾಗಲೆಲ್ಲ ೧೮೫೮ರ ಬೇಸಗೆಯೇ ಕಣ್ಮುಂದೆ ಬರುತ್ತದೆ.

ಭಾವೆ ಮನೆತನಕ್ಕೆ ಸಂಕಟಗಳು ಹೊಸವಲ್ಲ. ಹೆಚ್ಚಿನ ಕಪ್ಪವನ್ನು ತೆರಲೊಪ್ಪದ ವೆಂಕಟರಾಯರನ್ನು ೧೭೮೫ರಲ್ಲಿ ಟಿಪ್ಪುವಿನ ಸೈನ್ಯವು ಸೆರೆಹಿಡಿದು ಕಬ್ಬಾಳದುರ್ಗಕ್ಕೆ ಒಯ್ದಿತ್ತು. ಸಂಸ್ಥಾನವು ಮುಂದೆ ಮನೆತನಕ್ಕೆ ಮರಳಿತು. ಪೇಶವೆಯರ ಆಳಿಕೆ ಮುಗಿದ ಮೇಲೆ ಅದು ಕುಂಪಣಿಯ ಅಂಕೆಗೆ ಒಳಪಟ್ಟಿತು.

೧೮೪೨ರಲ್ಲಿ ಗಾದಿಯನ್ನೇರಿದ ಭಾಸ್ಕರರಾವ ಭಾವೆಯವರನ್ನೇ ಜನರು ಬಾಬಾಸಾಹೇಬರೆಂದು ಕರೆದರು. ಅವರ ಗ್ರಂಥಭಾಂಡಾರದಲ್ಲಿ ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳಿದ್ದವು. ಲಾವಣಿಗಳು ಕತ್ತಿ ಹಿರಿದ ಅರಸರನ್ನು ಹೊಗಳುತ್ತವೆ. ನನ್ನ ಮನಸ್ಸು ಗ್ರಂಥಗಳ ನಡುವೆ ಕುಳಿತ ಅರಸರ ಕಡೆಗೇ ಎಳೆಯುತ್ತದೆ.

ಅವರಿಗೆ ಗಂಡುಸಂತಾನವಿರಲಿಲ್ಲ. ದತ್ತಕ ತೆಗೆದುಕೊಳ್ಳಲು ಅನುಮತಿ ಬೇಡಿದರು, ಸರಕಾರವು ಒಪ್ಪಲಿಲ್ಲ. ಮುಂಬಯಿಯ ಗವರ್ನರರ ಕಚೇರಿಗೆ ಅದೊಂದು ಕಾಗದಪತ್ರದ ಮಾತು. ನರಗುಂದದ ಅರಮನೆಯಲ್ಲಿ ಮಾತ್ರ ಅದರ ಅರ್ಥ ಬೇರೆಯಾಗಿತ್ತು: ಅರಸರು ಕಣ್ಮುಚ್ಚಿದ ದಿನವೇ ನಾಡು ಪರರ ಪಾಲು, ಪಿಂಡವಿಡುವ ಮಗನೂ ಇಲ್ಲ. ಅದರ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಕಟ್ಟಳೆಯೂ ಬಂದಿತು. ಬಾಬಾಸಾಹೇಬರು ತಮ್ಮ ದೊಡ್ಡ ತೋಪುಗಳನ್ನು ಧಾರವಾಡಕ್ಕೆ ಕಳಿಸಿಕೊಟ್ಟರು. ಬಹುದಿನಗಳಿಂದ ಯುದ್ಧಕ್ಕೆ ಸಿದ್ಧರಾಗಿದ್ದವರು ಹೀಗೆ ಮಾಡುವರೆಂದು ನನಗೆ ತೋರುವುದಿಲ್ಲ.

೧೮೫೮ರ ಮೇ ತಿಂಗಳ ಕೊನೆಗೆ ಮುಂಡರಗಿಯ ಭೀಮರಾಯರು ಡಂಬಳದ ಖಜಾನೆಯನ್ನು ವಶಮಾಡಿಕೊಂಡು ಕೊಪ್ಪಳದ ಕೋಟೆಯನ್ನು ಹಿಡಿದರು. ಸುದ್ದಿ ತಿಳಿದ ಪೊಲಿಟಿಕಲ್ ಏಜೆಂಟ ಮ್ಯಾನ್ಸನ್ನನು ಕೆಲವೇ ಸವಾರರೊಡನೆ ಕುರುಂದವಾಡದಿಂದ ಈ ಕಡೆಗೆ ಧಾವಿಸಿದನು. ಹಿಂದೆ ಇನಾಮು ತನಿಖೆಯಲ್ಲಿ ದುಡಿದಿದ್ದ ಆತನ ಹೆಸರು ಜಹಗೀರದಾರರ ಕಿವಿಗೆ ಹಿತವಾದುದಾಗಿರಲಿಲ್ಲ. ಬಾಬಾಸಾಹೇಬರ ಮಲಸಹೋದರರೇ ರಾಮದುರ್ಗದ ಅರಸರು. ಅವರು ಮುಂದೆ ಹೋಗಬೇಡವೆಂದು ಎಚ್ಚರಿಸಿದರೂ ಆತನು ಕೇಳಲಿಲ್ಲ. ೨೯ನೆಯ ತಾರೀಖಿನ ರಾತ್ರಿ ಸುರೇಬಾನದಲ್ಲಿ ಬಿಡಾರ ಮಾಡಿದ್ದಾಗ ನರಗುಂದದವರು ಮೇಲೆ ಬಿದ್ದು ಕೊಂದರು. ರುಂಡವನ್ನು ತಂದು ಊರ ಬಾಗಿಲಿಗೆ ತೂಗಹಾಕಿದರು.

ಬಾಬಾಸಾಹೇಬರನ್ನು ಕೊಂಡಾಡುವ ಎಷ್ಟೋ ಬರಹಗಳು ಇಲ್ಲಿ ಬೇಗನೆ ಹೆಜ್ಜೆ ಹಾಕುತ್ತವೆ. ನನಗೆ ಅದು ಸಾಧ್ಯವಾಗಿಲ್ಲ. ಅಷ್ಟು ಗ್ರಂಥಗಳನ್ನು ಕೂಡಿಸಿದ ಕೈಯೇ ಆ ಬಾಗಿಲನ್ನೂ ನೋಡಿ ಸುಮ್ಮನಿದ್ದಿತೆಂಬುದು ಅವರ ಚರಿತ್ರೆಯ ಭಾಗವೇ. ಅದನ್ನು ಮರೆಮಾಡಿದರೆ, ಅವರನ್ನು ಅಲ್ಲಿಗೆ ತಂದು ನಿಲ್ಲಿಸಿದ ಅನ್ಯಾಯದ ಆಳವೂ ಮರೆಯಾಗುತ್ತದೆ.

ಮುಂದಿನದು ಬಹು ಬೇಗ ಮುಗಿಯಿತು. ಜೂನ ೧ಕ್ಕೆ ಕರ್ನಲ್ ಮಾಲ್ಕಮನ ದಂಡು ನರಗುಂದಕ್ಕೆ ಬಂದಿತು. ಅದೇ ದಿನ ಭೀಮರಾಯರು ಕೊಪ್ಪಳದಲ್ಲಿ ಮಡಿದರು. ಮರುದಿನ ಬೆಳಗಾಗುವಷ್ಟರಲ್ಲಿ ಗುಡ್ಡದ ಕೋಟೆ ಬರಿದಾಗಿತ್ತು. ಪಂಢರಪುರದ ಯಾತ್ರಿಕರ ವೇಷದಲ್ಲಿ ಹೊರಟಿದ್ದ ಬಾಬಾಸಾಹೇಬರು ತೊರಗಲ್ಲಿನ ಅಡವಿಯಲ್ಲಿ ಸೌಟರನಿಗೆ ಸೆರೆಸಿಕ್ಕರು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ಬೆಳಗಾವಿಯಲ್ಲಿ ವಿಚಾರಣೆ ನಡೆದು, ಜೂನ ೧೨ರಂದು ಅವರನ್ನು ಗಲ್ಲಿಗೇರಿಸಿದರು.

ಸಂಸ್ಥಾನವನ್ನು ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ೧೮೬೨ರಲ್ಲಿ ಕ್ಯಾನಿಂಗನು ದೇಶದ ಸಂಸ್ಥಾನಿಕರಿಗೆ ದತ್ತಕದ ಹಕ್ಕನ್ನು ಒಪ್ಪಿ ಸನದುಗಳನ್ನು ಕೊಡಿಸಿದನು. ಆಗ ಬಾಬಾಸಾಹೇಬರು ತೀರಿಕೊಂಡು ನಾಲ್ಕು ವರ್ಷಗಳಾಗಿದ್ದವು. ಮಲಸಹೋದರರ ರಾಮದುರ್ಗವು ೧೯೪೮ರವರೆಗೂ ಸಂಸ್ಥಾನವಾಗಿಯೇ ಉಳಿಯಿತು.