ವಯನಾಡಿನ ವೀರ ಕೇರಳವರ್ಮ ಪಳಶ್ಶಿ ರಾಜ

ದಂಡು ದೊಡ್ಡದಾದಷ್ಟೂ ಗೆಲುವು ಖಚಿತ ಎಂಬುದು ಲೋಕದ ಸಾಮಾನ್ಯ ನಂಬಿಕೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ನಮ್ಮ ಹಿರಿಯರ ಮಾತು ಮನೆಯ ಖರ್ಚಿಗೆ ಹೇಗೋ ರಣರಂಗಕ್ಕೂ ಹಾಗೆಯೇ ಸಲ್ಲುತ್ತದೆ. ನೆಲ ಎಂತಹುದು, ಕಾಲ ಯಾವುದು, ಎದುರಾಳಿ ಯಾರು, ದಂಡಿನ ಅನ್ನ ಎಲ್ಲಿಂದ ಬರಬೇಕು ಎಂಬುದನ್ನೆಲ್ಲ ತೂಗಿ ನೋಡಿ ದಂಡಿನ ಗಾತ್ರವನ್ನು ನಿಶ್ಚಯಿಸುವವನೇ ನಿಜವಾದ ಸೇನಾನಿ. ಈ ವಿವೇಕಕ್ಕೆ ನಿದರ್ಶನವನ್ನು ಅರಸಿ ದೂರ ಹೋಗಬೇಕಾಗಿಲ್ಲ. ಕಬಿನಿ ಹುಟ್ಟುವ ವಯನಾಡಿನ ಕಾಡುಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯನ್ನು ವರ್ಷಗಟ್ಟಲೆ ಎದುರಿಸಿ, ಕೊನೆಗೆ ಅಲ್ಲಿಯೇ ಮಡಿದ ಕೇರಳವರ್ಮ ಪಳಶ್ಶಿ ರಾಜನ ಬಾಳು ಅದನ್ನು ತೋರಿಸಿಕೊಡುತ್ತದೆ.

ಕೇರಳವರ್ಮನು ಜನಿಸಿದ್ದು 1753ರಲ್ಲಿ, ಕೋಟ್ಟಯಂ ರಾಜಮನೆತನದ ಪಶ್ಚಿಮ ಶಾಖೆಯಲ್ಲಿ. ಈ ಕೋಟ್ಟಯಂ ತಿರುವಿತಾಂಕೂರು ಸೀಮೆಯ ಕೋಟ್ಟಯಂ ಅಲ್ಲ. ತಲಶ್ಶೇರಿಯ ಪೂರ್ವಕ್ಕೆ ಘಟ್ಟದ ಬುಡದವರೆಗೆ ಹಬ್ಬಿದ್ದ ಉತ್ತರ ಮಲಬಾರಿನ ಸಂಸ್ಥಾನ. ಘಟ್ಟದ ಮೇಲಿನ ವಯನಾಡೂ ಅದರ ಅಧೀನದಲ್ಲಿತ್ತು. ಮಟ್ಟನ್ನೂರಿನ ಸಮೀಪದ ಪಳಶ್ಶಿಯಲ್ಲಿ ಅರಮನೆಯಿದ್ದುದರಿಂದ ಆ ಊರಿನ ಹೆಸರೇ ರಾಜನಿಗೂ ನಿಂತಿತು.

1766ರಲ್ಲಿ ಹೈದರಾಲಿಯ ಸೈನ್ಯ ಮಲಬಾರಿಗೆ ಇಳಿದಾಗ ಕೇರಳವರ್ಮನು ಇನ್ನೂ ಬಾಲಕ. ಮುಂದೆ ಮೈಸೂರಿನ ದಂಡು ಮತ್ತೆ ಬಂದಾಗ ಮನೆತನದ ಹಿರಿಯರು ತಿರುವಿತಾಂಕೂರಿನ ಆಶ್ರಯಕ್ಕೆ ಹೊರಟುಹೋದರು. ಯುವಕನಾದ ಕೇರಳವರ್ಮನು ಮಾತ್ರ ಪ್ರಜೆಗಳನ್ನು ಬಿಟ್ಟು ಕದಲಲಿಲ್ಲ. ಜನರ ನಡುವೆಯೇ ಉಳಿದು, ಕಾಡನ್ನು ಆಸರೆ ಮಾಡಿಕೊಂಡು ಹೋರಾಡಿದನು. ಮೈಸೂರಿನವರು ಮೂರು ವರ್ಷ ತಲಶ್ಶೇರಿಯನ್ನು ಮುತ್ತಿದಾಗ ಇಂಗ್ಲಿಷರಿಗೆ ನೆರವಾದವನೂ ಅವನೇ. ಶಾಲೆಯಲ್ಲಿ ಕಲಿಯಲಾಗದ ಪಾಠವನ್ನು ಆ ವರ್ಷಗಳು ಅವನಿಗೆ ಕಲಿಸಿದವು. ಬಯಲಿನಲ್ಲಿ ಎದುರಿಸಲಾಗದ ದಂಡನ್ನು ಘಟ್ಟದ ದಾರಿಯಲ್ಲಿ ಸಣ್ಣ ತಂಡವೂ ತಡೆಯಬಲ್ಲುದು ಎಂಬುದೇ ಆ ಪಾಠ.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಮಲಬಾರು ಕಂಪನಿಯ ಕೈಸೇರಿತು. ಸಹಾಯ ಮಾಡಿದ ರಾಜನಿಗೆ ರಾಜ್ಯ ಮರಳಬಹುದೆಂದು ಜನ ಎಣಿಸಿದ್ದರು. ಆದರೆ 1793ರಲ್ಲಿ ಕಂಪನಿಯು ಕೋಟ್ಟಯಂನ ಕಂದಾಯ ವಸೂಲಿಯ ಗುತ್ತಿಗೆಯನ್ನು ರಾಜನ ಮಾವನಾದ ಕುರುಂಬ್ರನಾಡಿನ ಅರಸನಿಗೆ ವಹಿಸಿಕೊಟ್ಟಿತು. ಸುಗ್ಗಿಯ ಭತ್ತವನ್ನೇ ನಂಬಿದ ರೈತರ ಮೇಲೆ ಕಂದಾಯದ ಹೊರೆ ಬಿತ್ತು. ಪಳಶ್ಶಿ ರಾಜನು ವಸೂಲಿಯನ್ನೇ ತಡೆದು ನಿಲ್ಲಿಸಿದನು. 1796ರಲ್ಲಿ ಕಂಪನಿಯ ಪಡೆ ಅವನನ್ನು ಹಿಡಿಯಲೆಂದು ಅರಮನೆಗೆ ನುಗ್ಗಿ ಸೂರೆಮಾಡಿತು. ರಾಜನು ಅಷ್ಟರಲ್ಲಿ ಅಲ್ಲಿಂದ ಹೊರಟು ಘಟ್ಟ ಹತ್ತಿ ವಯನಾಡನ್ನು ಸೇರಿದ್ದನು. ತಾನು ಹಿಂದೆ ಎದುರಿಸಿದ್ದ ಮೈಸೂರಿನೊಡನೆ ಕಾಕನಕೋಟೆಯ ಅಧಿಕಾರಿಯ ಮೂಲಕ ಮಾತುಕತೆ ನಡೆಸಲೂ ಅವನು ಹಿಂಜರಿಯಲಿಲ್ಲ. ಹಳೆಯ ಹಗೆಗಿಂತ ಎದುರಿಗಿದ್ದ ಆಪತ್ತು ದೊಡ್ಡದು ಎಂಬ ಅರಿವು ಅವನಿಗಿತ್ತು.

ಅಂದಿನ ವಯನಾಡಿನ ಸ್ಥಿತಿಯನ್ನು ಇಂದಿನ ಕಾಫಿ ತೋಟ, ಡಾಂಬರು ರಸ್ತೆಗಳಿಂದ ಅಳೆಯಬಾರದು. ಕರಾವಳಿಯಿಂದ ಮೇಲೇರಲು ಇದ್ದುದು ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದ ಕಡಿದಾದ ಕಾಲುದಾರಿಗಳು. ಇಕ್ಕೆಲದಲ್ಲೂ ದಟ್ಟ ಕಾಡು, ಬಿದಿರುಮೆಳೆ. ಮೇಲೆ ಹೋದರೆ ಗುಡ್ಡಗಳ ನಡುವೆ ಕೆಸರು ಗದ್ದೆಗಳು. ಮಳೆಗಾಲದಲ್ಲಿ ಹೊಳೆಗಳು ದಾರಿ ಕಟ್ಟುತ್ತಿದ್ದವು. ಹೊರಗಿನಿಂದ ಬಂದವರನ್ನು ಚಳಿಜ್ವರ ಹಾಸಿಗೆ ಹಿಡಿಸುತ್ತಿತ್ತು. ಇಂತಹ ನೆಲದಲ್ಲಿ ಸಾವಿರ ಜನರ ದಂಡೆಂದರೆ ಸಾವಿರ ಹೊಟ್ಟೆಗಳು, ಅವಕ್ಕೆ ಅಕ್ಕಿ ಹೊರುವ ಹೇರೆತ್ತುಗಳು, ಎತ್ತುಗಳನ್ನು ಕಾಯುವ ಮತ್ತಷ್ಟು ಜನ. ದಾರಿಯ ಮೇಲೆ ದಂಡು ಉದ್ದವಾದಷ್ಟೂ ಅದರ ತಲೆಗೆ ಬಾಲದ ಸುದ್ದಿ ತಿಳಿಯುತ್ತಿರಲಿಲ್ಲ. ರಾಜನ ಕಡೆಯಲ್ಲಿದ್ದವರಾದರೋ ಬಂದೂಕು ಹಿಡಿದ ನಾಯರರು ಮತ್ತು ಬಿಲ್ಲುಬಾಣಗಳಲ್ಲಿ ನಿಪುಣರಾದ ಕುರಿಚ್ಯರು. ಕಾಡು ಅವರಿಗೆ ಮನೆಯಂಗಳ. ಹಳ್ಳಿಯ ಜನ ಕೊಟ್ಟ ಅಕ್ಕಿಯೇ ಅವರ ಉಗ್ರಾಣ. ಬಾಣ ಬಿಟ್ಟರೆ ಸದ್ದಿಲ್ಲ, ಹೊಗೆಯಿಲ್ಲ.

1797ರ ಮಾರ್ಚ್ ತಿಂಗಳಿನಲ್ಲಿ ಇದರ ಪರಿಣಾಮ ಕಂಪನಿಯ ಅರಿವಿಗೆ ಬಂತು. ಮೇಜರ್ ಕ್ಯಾಮರೂನನ ಕೈಕೆಳಗಿನ 1,100 ಜನರ ಪಡೆ ಪೆರಿಯ ಘಾಟಿಯನ್ನು ಇಳಿಯುತ್ತಿದ್ದಾಗ ರಾಜನ ಕಡೆಯವರು ಎರಡೂ ಬದಿಯ ಕಾಡಿನಿಂದ ಎರಗಿದರು. ಇಕ್ಕಟ್ಟಿನ ದಾರಿಯಲ್ಲಿ ಸಾಲುಗಟ್ಟಿ ಹೋರಾಡಲು ಸಿಪಾಯಿಗಳಿಗೆ ಸ್ಥಳವೇ ಇರಲಿಲ್ಲ. ಕ್ಯಾಮರೂನನೂ ಹಲವು ಅಧಿಕಾರಿಗಳೂ ಮಡಿದರು. ಪಡೆ ನುಚ್ಚುನೂರಾಯಿತು, ತೋಪು, ಮದ್ದುಗುಂಡು, ಎತ್ತು, ಸಾಮಾನುಗಳೆಲ್ಲ ರಾಜನ ಪಾಲಾದವು. ಮುಂಬಯಿಯಿಂದ ಗವರ್ನರ್ ಜೊನಾಥನ್ ಡಂಕನನೇ ಸೇನಾಪತಿಯೊಡನೆ ಮಲಬಾರಿಗೆ ಧಾವಿಸಬೇಕಾಯಿತು. ಕೊನೆಗೆ ಕುರುಂಬ್ರನಾಡಿನ ಅರಸನ ಗುತ್ತಿಗೆ ರದ್ದಾಗಿ, ಪಳಶ್ಶಿ ರಾಜನಿಗೆ ವರ್ಷಕ್ಕೆ 8,000 ರೂಪಾಯಿಗಳ ಉಂಬಳಿಯನ್ನು ಒಪ್ಪಿಕೊಂಡು ಸಂಧಿಯಾಯಿತು.

ಆದರೆ ಸಂಧಿ ಬಹುಕಾಲ ಬಾಳಲಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ ವಯನಾಡು ತನಗೆ ಸೇರಬೇಕೆಂದು ಕಂಪನಿ ಹೊರಟಿತು. ಅದು ತನ್ನ ಮನೆತನದ ನಾಡೆಂದು ರಾಜನು ಬಿಡಲೊಪ್ಪಲಿಲ್ಲ. ಈ ಬಾರಿ ಕಂಪನಿಯ ಪರವಾಗಿ ಯೋಜನೆ ಹಾಕಿದವನು ಶ್ರೀರಂಗಪಟ್ಟಣದಲ್ಲಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ 1815ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್. ಒಂದೇ ದೊಡ್ಡ ದಂಡನ್ನು ಕಾಡಿಗೆ ನುಗ್ಗಿಸಿ ಪ್ರಯೋಜನವಿಲ್ಲವೆಂದು ಅವನು ಕಂಡುಕೊಂಡನು. ಕಾಡು ಕಡಿದು ರಸ್ತೆ ಮಾಡುವುದು, ಆಯಕಟ್ಟಿನ ಸ್ಥಳಗಳಲ್ಲಿ ಠಾಣೆಗಳನ್ನಿಡುವುದು, ಕರಾವಳಿಯಿಂದಲೂ ಮೈಸೂರು ಕಡೆಯಿಂದಲೂ ರಾಜನಿಗೆ ಅಕ್ಕಿ, ಉಪ್ಪು ಸಿಗದಂತೆ ಮಾಡುವುದು ಅವನ ಉಪಾಯ. 1801ರಲ್ಲಿ ಕರ್ನಲ್ ಸ್ಟೀವನ್‌ಸನ್ನನ ಪಡೆ ಮೈಸೂರು ಕಡೆಯಿಂದ ವಯನಾಡನ್ನು ಹೊಕ್ಕಿತು. ಆ ವರ್ಷವೇ ರಾಜನ ಆಪ್ತನಾದ ಕಣ್ಣವತ್ತು ಶಂಕರನ್ ನಂಬಿಯಾರನು ಸೆರೆಸಿಕ್ಕಿ ಮಗನೊಡನೆ ಗಲ್ಲಿಗೇರಿದನು. ಕೆಲವೇ ಅನುಚರರೊಡನೆ ರಾಜನು ಕಾಡಿನಿಂದ ಕಾಡಿಗೆ ಅಲೆಯುವಂತಾಯಿತು.

ಆದರೆ ಹಲವು ಠಾಣೆಗಳಿಗೆ ಹಂಚಿಹೋದ ಪಡೆ ಪ್ರತಿಯೊಂದು ಠಾಣೆಯಲ್ಲೂ ಸಣ್ಣದಾಗುತ್ತದೆ. ಈ ಲೋಪ 1802ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂತು. ಕುರಿಚ್ಯನೊಬ್ಬನಿಂದ ಭತ್ತ ಕೇಳಲು ಬಂದ ಕಂಪನಿಯ ಜವಾನನೊಬ್ಬನನ್ನು ರಾಜನ ದಳವಾಯಿ ಎಡಚ್ಚೇನ ಕುಂಗನನು ಕೊಂದನು. ಅದೇ ಕಿಡಿಯಾಯಿತು. ಕುಂಗನನು ಕುರಿಚ್ಯರ ನಾಯಕನಾದ ತಲಕ್ಕಲ್ ಚಂದುವಿನೊಡನೆ ಸೇರಿ, 150 ಬಿಲ್ಲುಗಾರರನ್ನು ಕಟ್ಟಿಕೊಂಡು ಪನಮರಂ ಠಾಣೆಯ ಮೇಲೆ ಬಿದ್ದನು. ಅಲ್ಲಿದ್ದುದು ಕ್ಯಾಪ್ಟನ್ ಡಿಕೆನ್‌ಸನ್ ಮತ್ತು ಲೆಫ್ಟಿನೆಂಟ್ ಮ್ಯಾಕ್ಸ್‌ವೆಲ್ಲರ ಕೈಕೆಳಗಿನ 70 ಸಿಪಾಯಿಗಳು. ಅಧಿಕಾರಿಗಳಿಬ್ಬರೂ ಅವರ ಜನರೂ ಹತರಾದರು. 112 ಬಂದೂಕುಗಳು, 6 ಪೆಟ್ಟಿಗೆ ಮದ್ದುಗುಂಡು, 6,000 ರೂಪಾಯಿ ಕುರಿಚ್ಯರ ವಶವಾದವು. ಕೆಲವೇ ಮೈಲಿ ದೂರದ ಪುಳಿಂಞಾಲಿನಲ್ಲಿ 360 ಜನರೊಡನಿದ್ದ ಮೇಜರ್ ಡ್ರಮಂಡನು ನೆರವಿಗೆ ಬರಲಿಲ್ಲ. ಹೊರಡದ ಮುನ್ನೂರ ಅರವತ್ತಕ್ಕಿಂತ ಹೊತ್ತರಿತು ಹೊರಟ ನೂರೈವತ್ತು ಹೆಚ್ಚೆಂಬುದಕ್ಕೆ ಪನಮರಂ ಸಾಕ್ಷಿಯಾಯಿತು.

ಗೆಲುವಿನ ಸುದ್ದಿ ಹರಡುತ್ತಲೇ ಕುಂಗನನು ಪುಲ್ಪಳ್ಳಿಯ ದೇವಸ್ಥಾನದಿಂದ ನಾಡಿಗೆಲ್ಲ ಕರೆ ಕಳುಹಿಸಿದನು. 3,000ದಷ್ಟು ಜನ ಆಯುಧ ಹಿಡಿದು ಬಂದು ಕೂಡಿದರು. ಅದು ಹೆಮ್ಮೆಯ ಗಳಿಗೆ. ಕಷ್ಟದ ಗಳಿಗೆಯೂ ಹೌದು. ನೂರೈವತ್ತು ಜನರಿಗೆ ಅಡಗಲು ಒಂದು ಗುಡ್ಡ ಸಾಕು, ಉಣಲು ಎರಡು ಹಳ್ಳಿಗಳ ಭತ್ತ ಸಾಕು. ಮೂರು ಸಾವಿರ ಜನ ಅಡಗಲಾರರು. ಅವರನ್ನು ಸಾಕುವ ಹೊರೆ ಕೊಯ್ಲಿಗೆ ಕಾದಿದ್ದ ಬಡ ಗದ್ದೆಗಳ ಮೇಲೆಯೇ ಬೀಳುತ್ತದೆ. ಮೈಸೂರು ಕಡೆಯಿಂದ ಕಂಪನಿಗೆ ಹೊಸ ಪಡೆಗಳು ಬಂದಾಗ ಅಷ್ಟು ದೊಡ್ಡ ಕೂಟ ಒಂದೆಡೆ ನಿಲ್ಲುವಂತಿರಲಿಲ್ಲ. ರಾಜನ ಕಡೆಯವರು ಮತ್ತೆ ಸಣ್ಣ ತಂಡಗಳಾಗಿ ಕಾಡು ಸೇರಿದರು. ಹೋರಾಟ ಮುಂದೆಯೂ ಮೂರು ವರ್ಷ ಉಳಿದು ಬಂದದ್ದು ಆ ರೀತಿಯಿಂದಲೇ.

1803ರಲ್ಲಿ ವೆಲ್ಲೆಸ್ಲಿಯು ಮರಾಠರೊಡನೆ ಯುದ್ಧಕ್ಕೆಂದು ಉತ್ತರಕ್ಕೆ ತೆರಳಿದನು. ಮಲಬಾರಿನಲ್ಲಿ ಉಳಿದವರು ಆ ವೇಳೆಗೆ ರಾಜನ ದಾರಿಯನ್ನೇ ಕಲಿಯತೊಡಗಿದ್ದರು. ಕ್ಯಾಪ್ಟನ್ ವಾಟ್ಸನ್ನನು ಆ ನಾಡಿನ ಜನರನ್ನೇ ಸೇರಿಸಿಕೊಂಡು 1,200 ಕೋಲ್ಕಾರರ ಪಡೆಯನ್ನು ಕಟ್ಟಿದನು. ಇವರಿಗೆ ಹೇರೆತ್ತುಗಳ ಸಾಲು ಬೇಕಿರಲಿಲ್ಲ. ದಾರಿ, ಭಾಷೆ, ಊರಿನ ಸಂಬಂಧಗಳೆಲ್ಲ ಗೊತ್ತಿದ್ದವು. 1804ರಲ್ಲಿ ತಲಶ್ಶೇರಿಯ ಉಪ ಕಲೆಕ್ಟರನಾಗಿ ಬಂದ ಥಾಮಸ್ ಹಾರ್ವೆ ಬೇಬರನು ಈ ಪಡೆಯನ್ನೇ ನೆಚ್ಚಿದನು. ಅದೇ ವರ್ಷ ರಾಜನ ತಲೆಗೆ 3,000 ವರಹಗಳ ಬಹುಮಾನ ಸಾರಲಾಯಿತು. 1805ರಲ್ಲಿ ಬೇಬರನು ವಯನಾಡಿಗೆ ಹತ್ತಿ, ರಾಜನಿಗೆ ಅಕ್ಕಿ ಕೊಡುವವರನ್ನು ತಡೆದು, ಭಯದಿಂದಲೂ ಆಸೆಯಿಂದಲೂ ಸುಳಿವು ಸಂಗ್ರಹಿಸಿದನು. ನವೆಂಬರಿನಲ್ಲಿ ತಲಕ್ಕಲ್ ಚಂದು ಸೆರೆಯಾದನು. ಅವನನ್ನು ಪನಮರಂನಲ್ಲಿಯೇ ಕೊಲ್ಲಲಾಯಿತು.

ಆ ತಿಂಗಳ ಕೊನೆಗೆ ರಾಜನು ಪುಲ್ಪಳ್ಳಿಯ ಆಚೆ, ಮೈಸೂರು ಗಡಿಗೆ ಸಮೀಪದ ಕಾಡಿನಲ್ಲಿದ್ದಾನೆಂಬ ಸುದ್ದಿ ಬೇಬರನಿಗೆ ಸಿಕ್ಕಿತು. ಅವನು ರೆಜಿಮೆಂಟಿಗಾಗಿ ಕಾಯಲಿಲ್ಲ. 100 ಕೋಲ್ಕಾರರು, 50 ಸಿಪಾಯಿಗಳೊಡನೆ ರಾತ್ರಿಯೇ ಹೊರಟನು. 1805ರ ನವೆಂಬರ್ 30ರಂದು ಮಾವಿಲಾಂತೋಡು ಎಂಬ ಹಳ್ಳದ ದಂಡೆಯಲ್ಲಿ ರಾಜನ ಬಿಡಾರವನ್ನು ಹಠಾತ್ತನೆ ಮುತ್ತಲಾಯಿತು. ಕಾದಾಟ ಬಹಳ ಹೊತ್ತು ನಡೆಯಲಿಲ್ಲ. ರಾಜನು ಗುಂಡಿಗೆ ಬಲಿಯಾದನೆಂದು ಕೆಲವರೂ, ಶತ್ರುವಿನ ಕೈಗೆ ಸಿಗಬಾರದೆಂದು ತಾನೇ ಪ್ರಾಣ ಬಿಟ್ಟನೆಂದು ಕೆಲವರೂ ಹೇಳುತ್ತಾರೆ. 1,100 ಜನರ ಪಡೆ ಸಾಧಿಸಲಾಗದ್ದನ್ನು 150 ಜನ ಸಾಧಿಸಿದ್ದರು. ಪನಮರಂನಲ್ಲಿ ರಾಜನ ಕಡೆಯವರು ಕೂಡಿಸಿದ್ದ ಬಿಲ್ಲುಗಾರರ ಸಂಖ್ಯೆಯೂ ಅಷ್ಟೇ ಎಂಬುದನ್ನು ಇಲ್ಲಿ ನೆನೆಯಬೇಕು. ರಾಜನನ್ನು ಸೋಲಿಸಬೇಕಾದರೆ ಕಂಪನಿಯು ರಾಜನಂತೆಯೇ ಕಾದಬೇಕಾಯಿತು.

ಬೇಬರನು ರಾಜನ ದೇಹವನ್ನು ತನ್ನ ಪಲ್ಲಕ್ಕಿಯಲ್ಲಿ ತರಿಸಿ ಮಾನಂದವಾಡಿಗೆ ಕಳುಹಿಸಿದನು. ಅಲ್ಲಿ ಗೌರವದಿಂದ ಅಂತ್ಯಕ್ರಿಯೆ ನಡೆಯಿತು. ಈ ನಾಡಿನ ಜನ ರಾಜನನ್ನು ದೇವರಂತೆ ಗೌರವಿಸುತ್ತಾರೆ, ಮರಣವೂ ಆ ಭಾವನೆಯನ್ನು ಅಳಿಸಲಾರದು ಎಂಬ ಅರ್ಥದ ಮಾತನ್ನು ಆ ಶತ್ರುವೇ ತನ್ನ ವರದಿಯಲ್ಲಿ ಬರೆದಿಟ್ಟಿದ್ದಾನೆ. ಅವನ ಊಹೆ ಸುಳ್ಳಾಗಲಿಲ್ಲ. ಮಾನಂದವಾಡಿಯ ಸಮಾಧಿ ಇಂದಿಗೂ ಜನರನ್ನು ಸೆಳೆಯುತ್ತದೆ. 2009ರಲ್ಲಿ ತೆರೆಕಂಡ ಮಲಯಾಳಂ ಚಲನಚಿತ್ರ ರಾಜನ ಕಥೆಯನ್ನು ಹೊಸ ತಲೆಮಾರಿಗೆ ಮುಟ್ಟಿಸಿತು.

ಪಳಶ್ಶಿ ರಾಜನು ಕೊನೆಯಲ್ಲಿ ಸೋತನೆಂಬುದು ನಿಜ. ಆದರೂ ಕರಾವಳಿಯ ಬಂದರು, ಮುಂಬಯಿಯ ಖಜಾನೆ, ಶ್ರೀರಂಗಪಟ್ಟಣದ ಸೈನ್ಯ ಎಲ್ಲವೂ ಬೆನ್ನಿಗಿದ್ದ ಕಂಪನಿಯನ್ನು ಬೆರಳೆಣಿಕೆಯ ಜನರೊಡನೆ ಇಷ್ಟು ವರ್ಷ ತಡೆದು ನಿಲ್ಲಿಸಿದ್ದು ಸಾಮಾನ್ಯ ಸಂಗತಿಯಲ್ಲ. ಅವನಿಗೆ ಅದು ಸಾಧ್ಯವಾದದ್ದು ನೆಲಕ್ಕೆ ತಕ್ಕ ಪಡೆಯಿಂದ, ಆ ಪಡೆಗೆ ಅನ್ನವಿಟ್ಟ ಹಳ್ಳಿಗಳಿಂದ. ಆ ಅನ್ನದ ದಾರಿ ಮುಚ್ಚಿದ ದಿನ ಅವನ ಬಲವೂ ಕುಂದಿತು. ಕೈಗೆತ್ತಿಕೊಂಡ ಕೆಲಸ ಎಂತಹುದು, ಅದಕ್ಕೆ ಎಷ್ಟು ಜನ ಬೇಕು, ಆ ಜನರನ್ನು ಪೋಷಿಸುವವರು ಯಾರು ಎಂಬುದನ್ನು ಮೊದಲು ಅರಿಯಬೇಕೆಂಬ ತಿಳಿವಳಿಕೆಯನ್ನು ವಯನಾಡಿನ ಆ ವೀರನ ಬಾಳು ನಾಡಿಗೆ ಬಿಟ್ಟುಹೋಗಿದೆ.