ಮಂದೆಯನ್ನು ಎಣಿಸಿದ ಕುರಿಗಾಹಿ: ಅಬ್ಬೆ ದುಬ್ವಾ

ದೊಡ್ಡಆಲಹಳ್ಳಿಗೆ ನೆರೆಯ ಹಾರೋಬೆಲೆಯಂತಹ ಊರುಗಳ ಹಿರಿಯರಲ್ಲಿ ವಿಶ್ವಾಸದ ಬೀಜ ಬಿತ್ತಿದವರು ಹದಿನೇಳನೆಯ ಶತಮಾನದ ಯೇಸುಸಭೆಯ ಗುರುಗಳು. 1773ರಲ್ಲಿ ಆ ಸಭೆ ವಿಸರ್ಜಿತವಾದ ಮೇಲೆ ಮೈಸೂರು ರಾಜ್ಯದ ಕ್ರೈಸ್ತ ಮಂದೆಯ ಹೊಣೆ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಗೆ ಬಂದಿತು. ಆ ಸಂಸ್ಥೆಯ ಗುರುಗಳಲ್ಲಿ ಜನರು ದೊಡ್ಡಸ್ವಾಮಿಯವರೆಂದು ಕರೆದವರು ಝಾನ್ ಅಂತ್ವಾನ್ ದುಬ್ವಾ. ಗುರುತ್ವದ ಆತ್ಮಿಕ ಅಪಾಯಗಳನ್ನು ಕುರಿತು ಯೋಚಿಸುವಾಗಲೆಲ್ಲ ಈ ಫ್ರೆಂಚ್ ಗುರುಗಳ ಜೀವನ ನನ್ನ ಮನಸ್ಸಿಗೆ ಬರುತ್ತದೆ.

1792ರಲ್ಲಿ ಭಾರತಕ್ಕೆ ಬಂದ ಅವರು ದೇಶೀಯ ಉಡುಪು ತೊಟ್ಟು, ಮಾಂಸಾಹಾರ ತೊರೆದು, ಜನರ ನಡುವೆ ಜನರಂತೆಯೇ ಬಾಳಿದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ, ಟಿಪ್ಪುವಿನ ಕಾಲದಲ್ಲಿ ಬಲವಂತದ ಮತಾಂತರಕ್ಕೆ ಒಳಗಾಗಿದ್ದ ಸುಮಾರು 1,800 ಮಂದಿಯನ್ನು ಧರ್ಮಸಭೆಯ ಮಡಿಲಿಗೆ ಮರಳಿ ಸೇರಿಸಿದರು. ಗಂಜಾಮಿನ ದೇವಾಲಯ ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧ. ಸಿಡುಬು ಹಳ್ಳಿಗಳನ್ನು ಬರಿದು ಮಾಡುತ್ತಿದ್ದಾಗ, 1803 ಮತ್ತು 1804ರಲ್ಲಿ, ಮನೆಮನೆಗೂ ಹೋಗಿ 25,000ಕ್ಕೂ ಹೆಚ್ಚು ಜನರಿಗೆ ದೇವಿ ಹಾಕಿಸಿದರು. ಮತವನ್ನು ಕೇಳಿ ಮಾಡಿದ ಸೇವೆ ಅದಲ್ಲ.

ಕೀರ್ತಿಯೂ ಬಂದಿತು. ಹಿಂದೂಗಳ ಆಚಾರವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೇ ಹಣ ಕೊಟ್ಟು ಕೊಂಡಿತು. ಅದರ ಬಹುಭಾಗ ಕರ್ದೂ ಎಂಬ ಹಿರಿಯ ಯೇಸುಸಭೆಯ ಗುರುಗಳ ಬರಹದಿಂದ ಬಂದುದೆಂದು ವಿದ್ವಾಂಸರು 1987ರಲ್ಲಿ ತೋರಿಸಿದ್ದಾರೆ. ಪರರ ದುಡಿಮೆ ತನ್ನ ಹೆಸರಿನಲ್ಲಿ ಹೋಗುವುದನ್ನು ಸಹಿಸಿಕೊಳ್ಳುವುದು ಗುರುವಿಗೂ ಸುಲಭದ ಶೋಧನೆಯೇನಲ್ಲ.

ಆದರೆ ಅದಕ್ಕಿಂತ ಆಳವಾದ ಶೋಧನೆಯೊಂದು ಅವರನ್ನು ಕಾದಿತ್ತು. ಹಲವು ವರ್ಷಗಳ ಸೇವೆಯ ಬಳಿಕ ಅವರು ಲೆಕ್ಕ ಹಾಕಲು ಕುಳಿತರು. ತಮ್ಮಿಂದ ಹೊಸದಾಗಿ ಜ್ಞಾನಸ್ನಾನ ಪಡೆದವರು ಇನ್ನೂರು ಮುನ್ನೂರು ಮಂದಿ ಮಾತ್ರ; ಅವರಲ್ಲಿಯೂ ಅನೇಕರು ಹೊಟ್ಟೆಪಾಡಿಗಾಗಿ ಬಂದವರು ಎಂದು ಬರೆದರು. ಈ ನಾಡಿನಲ್ಲಿ ಸುವಾರ್ತೆಗೆ ಇನ್ನು ಭವಿಷ್ಯವಿಲ್ಲವೆಂಬ ತೀರ್ಮಾನಕ್ಕೆ ಬಂದು, 1823ರಲ್ಲಿ ಲಂಡನ್ನಿನಲ್ಲಿ ಪತ್ರಗಳ ರೂಪದಲ್ಲಿ ಅದನ್ನು ಪ್ರಕಟಿಸಿದರು. ಪ್ರೊಟೆಸ್ಟೆಂಟ್ ಬೋಧಕರು ಮರುವರ್ಷವೇ ಖಂಡನೆಗಳನ್ನು ಬರೆದರು.

ಪ್ರಾಮಾಣಿಕತೆಗಾಗಿ ಅವರನ್ನು ಮೆಚ್ಚಲೇಬೇಕು. ಸುಳ್ಳು ಅಂಕಿಗಳನ್ನು ಯುರೋಪಿಗೆ ಕಳುಹಿಸುವವರಿಗಿಂತ ಅವರು ಮೇಲು. ಆದರೂ ತಮ್ಮ ಎಣಿಕೆಯನ್ನೇ ದೇವರ ಎಣಿಕೆಯೆಂದು ಬಗೆದದ್ದರಲ್ಲಿ ದೈವಭಯ ಕುಂದಿತೆಂದು ನನಗೆ ತೋರುತ್ತದೆ. ನಿರಾಶೆ ಮನುಷ್ಯನಿಗೆ ಅತ್ಯಂತ ಅಪಾಯಕರವೆಂದು ಸಂತ ತೋಮಸ್ ಅಕ್ವಿನಾಸರು ವಾದಿಸಿದ್ದು ಸುಮ್ಮನೆ ಅಲ್ಲ; ಫಲ ಬಂದಾಗ ಗರ್ವ, ಬಾರದಾಗ ನಿರಾಶೆ, ಎರಡೂ ಬೆಳೆಯನ್ನು ತನ್ನದೆಂದು ಭಾವಿಸುವ ಒಂದೇ ಬೇರಿನ ಕವಲುಗಳು. ಸಿಡುಬಿನಿಂದ ಉಳಿದ ಮಕ್ಕಳನ್ನು ದುಬ್ವಾರವರು ತಮ್ಮ ಲೆಕ್ಕದಲ್ಲಿ ಸೇರಿಸಲಿಲ್ಲ. ಮರಳಿ ಬಂದ 1,800 ಮಂದಿಯೂ ಆ ಲೆಕ್ಕದಲ್ಲಿ ಇರಲಿಲ್ಲ.

ಅವರು 1823ರ ಜನವರಿಯಲ್ಲಿ ಭಾರತವನ್ನು ಬಿಟ್ಟರು. ಆದರೆ ಗುರುತ್ವವನ್ನು ಬಿಡಲಿಲ್ಲ. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠವನ್ನೇ ಸೇರಿ, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆದರು. ಇಲ್ಲಿ ಏನೂ ಬೆಳೆಯದೆಂದು ಬರೆದ ಅದೇ ಕೈ ಪೂರ್ವದೇಶಗಳಿಗೆ ಹೊರಟ ತರುಣ ಗುರುಗಳನ್ನು ಬೀಳ್ಕೊಡುತ್ತಿತ್ತು. 1848ರ ಫೆಬ್ರವರಿಯಲ್ಲಿ ತೀರಿಕೊಂಡರು. ಎರಡೇ ವರ್ಷಗಳ ನಂತರ, 1850ರಲ್ಲಿ, ಮೈಸೂರು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. ಅದರ ಮೊದಲ ಮೇತ್ರಾಣಿಗಳಾದ ಶಾರ್ಬೊನೊರವರು ಅದೇ ಪ್ಯಾರಿಸ್ ಸಂಸ್ಥೆಯವರು.